ಗಾಯಗೊಂಡ ಬೆಕ್ಕಿಗೆ ಅಂಗಳದಲ್ಲಿ ಗೂಡು: ಮಳೆ ಹಿಡಿಯುವ ಮೊದಲು ಹೇಗೆ ಕಟ್ಟುವುದು?

ಕಟಪಾಡಿ_ಅಂಗಳ

ನಮಸ್ಕಾರ. ಸ್ವಲ್ಪ ಬೇಗ ಸಲಹೆ ಬೇಕಿತ್ತು. ನಮ್ಮ ಮನೆ ಸುತ್ತ ಓಡಾಡಿಕೊಂಡಿದ್ದ ಒಂದು ಕೆಂಚು ಗಂಡು ಬೆಕ್ಕು ಹೆದ್ದಾರಿಯ ಸರ್ವಿಸ್ ರಸ್ತೆಯಲ್ಲಿ ಗಾಡಿಗೆ ಸಿಕ್ಕಿದೆ. ಡಾಕ್ಟ್ರು ಎಕ್ಸ್‌ರೇ ತೆಗೆದು ನೋಡಿದರು. ಸೊಂಟದ ಎಲುಬು ಎರಡು ಕಡೆ ಮುರಿದಿದೆ, ಒಂದು ಹಿಂಗಾಲಿನ ಚರ್ಮ ಹರಿದಿದೆ. ಆಪರೇಷನ್ ಬೇಕಾಗಿಲ್ಲ, ಆರು ವಾರ ಚಿಕ್ಕ ಜಾಗದಲ್ಲಿ ಕೂಡಿಟ್ಟು ನೋಡಿಕೊಳ್ಳಿ, ಹಾರಲು ಬಿಡಬೇಡಿ ಅಂದಿದ್ದಾರೆ.

ಮನೆಯೊಳಗೆ ಇಡುವ ಹಾಗಿಲ್ಲ. ಅಮ್ಮನಿಗೆ ಉಬ್ಬಸ. ಒಳಗಿರುವ ಎರಡು ಬೆಕ್ಕುಗಳು ಇದನ್ನು ಕಂಡರೆ ಮೈಮೇಲೆ ಬೀಳುತ್ತವೆ. ಸದ್ಯ ಹೊರಗಿನ ಬಚ್ಚಲುಮನೆಯಲ್ಲಿ ಇಟ್ಟಿದ್ದೇವೆ, ಆದರೆ ಅಲ್ಲಿ ಯಾವಾಗಲೂ ಪಸೆ. ಅಂಗಳದಲ್ಲಿ ಹಳೆ ಹಟ್ಟಿ ಉಂಟು, ದನ ಈಗ ಇಲ್ಲ. ಅದರ ಗೋಡೆಗೆ ತಾಗಿಸಿ ಹತ್ತಡಿ ಉದ್ದ, ಆರಡಿ ಅಗಲ, ಏಳಡಿ ಎತ್ತರದ ಗೂಡು ಕಟ್ಟುವ ಅಂತ ಯೋಚನೆ. ಕೋಳಿ ಬಲೆ ಹಾಕಿ, ಒಳಗೆ ಎರಡು ಮೂರು ಹಲಗೆ ಮೆಟ್ಟಿಲು ಮಾಡಿ ಕೊಟ್ಟರೆ ಅದಕ್ಕೂ ಬೇಜಾರಾಗುವುದಿಲ್ಲ ಅಲ್ವಾ? ಮೇ ಮುಗಿಯುತ್ತಾ ಬಂತು. ಮಳೆ ಹಿಡಿದರೆ ಯಾವ ಕೆಲಸವೂ ಆಗುವುದಿಲ್ಲ. ತಿಳಿದವರು ಹೇಳಿ.

ಮಣಿಪಾಲ್_ಮಾರ್ಜಾಲ

ಡಾಕ್ಟ್ರಿಗೆ ತೋರಿಸಿ ಎಕ್ಸ್‌ರೇ ಮಾಡಿಸಿದ್ದೇ ದೊಡ್ಡ ಕೆಲಸ. ಆದರೆ ಈ ಅಳತೆ ಈಗ ಬೇಡ.

ಏಳಡಿ ಎತ್ತರದ ಬಲೆ ಕಂಡರೆ ಬೆಕ್ಕು ಹತ್ತಿಯೇ ಹತ್ತುತ್ತದೆ. ಸೊಂಟ ಮುರಿದಿದ್ದರೂ ಮುಂಗಾಲಿನ ಬಲದಲ್ಲಿ ಮೇಲೆ ಹೋಗುತ್ತದೆ, ಇಳಿಯಲು ಗೊತ್ತಾಗದೆ ಬೀಳುತ್ತದೆ. ಕೂಡುತ್ತಾ ಬಂದ ಎಲುಬು ಅಲ್ಲಿಗೆ ಮತ್ತೆ ಜಾರಿತು. ಹಲಗೆ ಮೆಟ್ಟಿಲೂ ಅಷ್ಟೇ. ಡಾಕ್ಟ್ರು ಹಾರಬಾರದು ಅಂದರೆ ಹಾರಲು ಏನೂ ಇರಬಾರದು.

ನಾನು ಗಾಯದ ಬೆಕ್ಕುಗಳಿಗೆ ಇಡುವ ಅಳತೆ ಹೇಳುತ್ತೇನೆ. ಉದ್ದ 4 ಅಡಿ, ಅಗಲ ಎರಡೂವರೆ ಅಡಿ, ಒಳಗಿನ ಎತ್ತರ 2 ಅಡಿ. ಒಂದು ಮೂಲೆಯಲ್ಲಿ ಮಲಗುವ ಪೆಟ್ಟಿಗೆ, ಎದುರಿನ ಮೂಲೆಯಲ್ಲಿ ಕಕ್ಕಸಿನ ತಟ್ಟೆ, ನಡುವೆ ನೀರು ಮತ್ತು ಊಟ. ಮೈ ಚಾಚಿ ಮಲಗಲು, ತಿರುಗಲು, ನಾಲ್ಕು ಹೆಜ್ಜೆ ಹಾಕಲು ಇಷ್ಟು ಸಾಕು. ಮಲಗುವ ಪೆಟ್ಟಿಗೆ ಮರೆಯಬೇಡಿ. ಅಂಗಡಿಯ ರಟ್ಟಿನ ಪೆಟ್ಟಿಗೆಯನ್ನು ಅಡ್ಡ ಮಲಗಿಸಿ ಇಟ್ಟರೂ ಆಯಿತು. ಅಡಗಲು ಜಾಗ ಸಿಗದ ಬೆಕ್ಕು ಊಟ ಬಿಡುತ್ತದೆ, ನಿದ್ದೆಯನ್ನೂ ಬಿಡುತ್ತದೆ.

ಆರು ವಾರ ಕಳೆದು ಡಾಕ್ಟ್ರು ಸರಿ ಅಂದ ಮೇಲೆ ನಿಮ್ಮ ದೊಡ್ಡ ಗೂಡಿನ ಯೋಚನೆ ಮಾಡಿ. ಚಿಕ್ಕದನ್ನು ಅದರ ಒಳಗೇ ಇಟ್ಟು ಬಾಗಿಲು ತೆರೆದರೆ ಆಯಿತು.

ಬಿಜೈ_ಫ್ಲ್ಯಾಟ್

ಎರಡಡಿ ಎತ್ತರದಲ್ಲಿ ಆರು ವಾರ ಕೂಡಿ ಹಾಕುವುದು ಹಿಂಸೆ ಅಲ್ವಾ? ಓಡಾಡಿ ಬೆಳೆದ ಬೆಕ್ಕು ಅದು. ಕೇಳುವಾಗಲೇ ಹೊಟ್ಟೆ ಚುರುಕ್ ಅಂತದೆ.

ಪಶುವೈದ್ಯ_ಕುಂದಾಪುರ

ನಿಮ್ಮ ಸಂಕಟ ಅರ್ಥವಾಗುತ್ತದೆ. ಆದರೆ ಬೆಕ್ಕು ನೋವು ತೋರಿಸಿಕೊಳ್ಳುವ ಪ್ರಾಣಿ ಅಲ್ಲ. ಎರಡನೇ ವಾರಕ್ಕೆ ಎದ್ದು ನಿಂತು ಕೂಗಲು ಶುರು ಮಾಡುತ್ತದೆ. ಮನೆಯವರು ಗುಣವಾಯಿತು ಅಂದುಕೊಂಡು ಬಿಡುತ್ತಾರೆ. ಆಗ ಎಲುಬು ಇನ್ನೂ ಹಸಿ. ಸೊಂಟದ ಸುತ್ತ ದಪ್ಪ ಮಾಂಸಖಂಡ ಇರುವುದರಿಂದ ತುಂಡುಗಳು ಅಲುಗದೆ ಇದ್ದರೆ ತಾವಾಗಿ ಕೂಡಿಕೊಳ್ಳುತ್ತವೆ. ಅದಕ್ಕೇ ಅನೇಕ ಸೊಂಟದ ಮುರಿತಗಳಿಗೆ ಆಪರೇಷನ್ ಬೇಡ, ಗೂಡಿನ ವಿಶ್ರಾಂತಿ ಸಾಕು ಅನ್ನುತ್ತೇವೆ. ವಿಶ್ರಾಂತಿಯೇ ಇಲ್ಲಿ ಮದ್ದು.

ಗೂಡಿಗಿಂತ ಮೊದಲು ಎರಡು ವಿಷಯ ಕೇಳಬೇಕಿತ್ತು. ಅದು ಮೂತ್ರ ಮಾಡುತ್ತಿದೆಯಾ? ಮಲ ಹೋಗುತ್ತಿದೆಯಾ? ಗಂಡು ಬೆಕ್ಕು 24 ಗಂಟೆ ಮೂತ್ರ ಮಾಡದಿದ್ದರೆ ಅದು ತುರ್ತು ಪರಿಸ್ಥಿತಿ, ರಾತ್ರಿಯಾದರೂ ಕರೆದುಕೊಂಡು ಹೋಗಬೇಕು. ಸೊಂಟ ಮುರಿದಾಗ ಮಲದ ದಾರಿ ಕಿರಿದಾಗಬಹುದು. ಎರಡು ದಿನ ಮಲ ಕಾಣದಿದ್ದರೆ, ತಿಣುಕುತ್ತಿದ್ದರೆ ಫೋನ್ ಮಾಡಿ. ಗೂಡು ಚಿಕ್ಕದಿದ್ದರೆ ಇದೆಲ್ಲ ಕಣ್ಣಿಗೆ ಬೀಳುತ್ತದೆ. ಹತ್ತಡಿ ಗೂಡಿನ ಮೂಲೆಯಲ್ಲಿ ಏನಾಯಿತೆಂದು ಯಾರಿಗೂ ಗೊತ್ತಾಗುವುದಿಲ್ಲ.

ಇನ್ನೊಂದು, ದಯವಿಟ್ಟು ಎಲ್ಲರೂ ಓದಿ. ನೋವಿಗೆ ಅಂತ ಮನೆಯ ಪ್ಯಾರಾಸಿಟಮಾಲ್ ಕೊಡಬೇಡಿ. ಬೆಕ್ಕಿನ ಲಿವರ್‌ಗೆ ಅದನ್ನು ಕರಗಿಸುವ ಶಕ್ತಿ ಇಲ್ಲ. ಮನುಷ್ಯರ ಒಂದೇ ಮಾತ್ರೆ ಬೆಕ್ಕಿನ ಜೀವ ತೆಗೆಯಬಹುದು. ಡಾಕ್ಟ್ರು ಬರೆದ ನೋವಿನ ಮದ್ದು ಮಾತ್ರ, ಬರೆದ ಪ್ರಮಾಣದಲ್ಲಿ ಮಾತ್ರ.

ಕಟಪಾಡಿ_ಅಂಗಳ

ಮೂತ್ರ ಸರಿ ಉಂಟು ಡಾಕ್ಟ್ರೇ. ಮಲ ಇವತ್ತು ಬೆಳಿಗ್ಗೆ ಹೋಗಿದೆ. ಊಟ ಸ್ವಲ್ಪ ಕಮ್ಮಿ. ಚಿಕ್ಕ ಗೂಡೇ ಮಾಡುತ್ತೇವೆ ಹಾಗಾದರೆ. ಅದನ್ನು ನೆಲದ ಮೇಲೆ ಇಡುವುದಾ, ಎತ್ತರದಲ್ಲಾ? ಬಲೆ ಯಾವುದು?

ಕಬ್ಬಿಣದ_ಕೆಲಸ

ನಾನು ಬೈಕಂಪಾಡಿಯಲ್ಲಿ ವೆಲ್ಡಿಂಗ್ ಕೆಲಸ ಮಾಡುವವನು. ಬಲೆ ವಿಷಯ ನಾನು ಹೇಳುತ್ತೇನೆ.

ಕೋಳಿ ಬಲೆ ಅಂದರೆ ಆ ಆರು ಮೂಲೆ ಕಣ್ಣಿನದ್ದು. ಅದು ಸಪೂರ ತಂತಿಯನ್ನು ಹೆಣೆದು ಮಾಡಿದ್ದು ಅಷ್ಟೇ. ಕೋಳಿ ಹೊರಗೆ ಹೋಗದ ಹಾಗೆ ತಡೆಯುತ್ತದೆ, ನಾಯಿ ಒಳಗೆ ಬರದ ಹಾಗೆ ತಡೆಯುವುದಿಲ್ಲ. ಬೀದಿನಾಯಿ ಹಲ್ಲು ಹಾಕಿ ಎಳೆದರೆ ಬಿಚ್ಚಿಕೊಳ್ಳುತ್ತದೆ. ನಿಮಗೆ ಬೇಕಾದ್ದು ಜಿ.ಐ. ವೆಲ್ಡ್ ಮೆಶ್, ಅಂದರೆ ಸತು ಲೇಪಿಸಿದ ಕಬ್ಬಿಣದ ತಂತಿಗಳನ್ನು ಬೆಸೆದು ಮಾಡಿದ ಜಾಳಿಗೆ. ಕಣ್ಣು ಅರ್ಧ ಇಂಚು, ತಂತಿ 16 ಗೇಜ್. ಮಂಗಳೂರಿನವರಾದರೆ ಬಂದರಿನ ಹಾರ್ಡ್‌ವೇರ್ ಅಂಗಡಿಗಳಲ್ಲಿ ಕೇಳಿ. ಒಂದು ಇಂಚಿನ ಕಣ್ಣು ಬೇಡ, ಬೆಕ್ಕಿನ ಪಂಜ ಹೊರಗೆ ಬರುತ್ತದೆ, ನಾಯಿ ಅದನ್ನೇ ಹಿಡಿಯುತ್ತದೆ.

ಕಡಲ ಬದಿಯಲ್ಲಿ ಉಪ್ಪು ಗಾಳಿಗೆ ಅಗ್ಗದ ಮೆಶ್ ಒಂದು ಮಳೆಗಾಲಕ್ಕೇ ತುಕ್ಕು ಹಿಡಿಯುತ್ತದೆ. ವೆಲ್ಡ್ ಮಾಡಿದ ಮೇಲೆ ಸತುವಿನಲ್ಲಿ ಅದ್ದಿದ ಮೆಶ್ ಸಿಕ್ಕಿದರೆ ಅದನ್ನೇ ತೆಗೆದುಕೊಳ್ಳಿ, ಜಾಸ್ತಿ ಬಾಳಿಕೆ ಬರುತ್ತದೆ. ಜಿ.ಐ. ಪೈಪಿಗೆ ವೆಲ್ಡ್ ಹೊಡೆದ ಕಡೆ ಸತು ಸುಟ್ಟು ಹೋಗಿರುತ್ತದೆ. ಅಲ್ಲಿಗೆ ಝಿಂಕ್ ಪ್ರೈಮರ್ ಹಚ್ಚಲು ಹೇಳಿ. ಪೇಂಟ್ ಪೂರ್ತಿ ಒಣಗಿ ವಾಸನೆ ಹೋಗುವ ತನಕ ಬೆಕ್ಕನ್ನು ಒಳಗೆ ಬಿಡಬೇಡಿ, ಅದು ನೆಕ್ಕುತ್ತದೆ.

ಮೆಶ್ ಕತ್ತರಿಸಿದ ತುದಿ ಸೂಜಿ ಇದ್ದ ಹಾಗೆ. ಅದನ್ನು ಫ್ರೇಮಿನ ಹೊರಗೆ ತಿರುಗಿಸಿ, ಮೇಲೆ ಪಟ್ಟಿ ಕೊಟ್ಟು ಸ್ಕ್ರೂ ಹಾಕಬೇಕು. ಕೈ ಒಳಗೆ ಹಾಕಿ ಎಲ್ಲಾ ಕಡೆ ಸವರಿ ನೋಡಿ. ನಿಮ್ಮ ಕೈಗೆ ಗೀರಿದರೆ ಬೆಕ್ಕಿಗೂ ಗೀರುತ್ತದೆ.

ವೆಲ್ಡರ್ ಸಿಗದಿದ್ದರೆ ಮರದ ರೀಪು ಸಾಕು. ಅಡಿಕೆ ಮರದ ಸಲಾಕೆಯೂ ಆದೀತು, ಆದರೆ ಸಿಬಿರು ಎದ್ದಿದ್ದರೆ ಕೆತ್ತಿ ನುಣುಪು ಮಾಡಿ.

ಮಣಿಪಾಲ್_ಮಾರ್ಜಾಲ

ಎತ್ತರದಲ್ಲಿ ಇಡಿ. ಎರಡೂವರೆ ಅಡಿ ಎತ್ತರದ ನಾಲ್ಕು ಕಾಲು ಕೊಡಿಸಿ. ನೆಲದ ನೀರು ಹಾರುವುದಿಲ್ಲ, ಪಸೆ ಹಿಡಿಯುವುದಿಲ್ಲ, ನಾಯಿ ಮೂಗು ತಾಗಿಸಿ ಹೆದರಿಸುವುದಿಲ್ಲ. ಇನ್ನೊಂದು ಕಾರಣವೂ ಉಂಟು. ದಿನಕ್ಕೆ ಎರಡು ಸಲ ಅದನ್ನು ತೊಳೆಯಬೇಕಾದವರು ನೀವು. ಪ್ರತಿಸಲ ನೆಲದಲ್ಲಿ ಕೂತು ಬಗ್ಗಿ ತೊಳೆಯಬೇಕಾದರೆ ಮೂರನೇ ವಾರಕ್ಕೆ ಬೆನ್ನು ಹೋಗುತ್ತದೆ. ಆಮೇಲೆ ಕ್ಲೀನಿಂಗ್ ದಿನಕ್ಕೊಂದು ಸಲ ಆಗುತ್ತದೆ, ಗಾಯಕ್ಕೆ ನೊಣ ಬರುತ್ತದೆ. ನೋಡಿಕೊಳ್ಳುವವರ ಸೊಂಟವೂ ಉಳಿಯಬೇಕು.

ಬಾಗಿಲು ಮುಂಭಾಗದ ಇಡೀ ಅಗಲಕ್ಕೆ ಇರಲಿ, ತೊಳೆಯಲು, ಬೆಕ್ಕನ್ನು ಎತ್ತಲು. ಆದರೆ ದಿನಾ ಊಟ ಇಡಲು ಅದನ್ನು ತೆರೆಯಬಾರದು. ಆ ಬಾಗಿಲಿನ ಕೆಳಗಡೆ ಒಂದು ಚಿಕ್ಕ ಕಿಟಕಿ ಬಾಗಿಲು ಮಾಡಿಸಿ, ತಟ್ಟೆ ಹೋಗುವಷ್ಟು. ಹೆದರಿದ ಬೆಕ್ಕು ನಮ್ಮ ಕೈ ಕೆಳಗಿನಿಂದ ಹಾರಿ ಓಡಿದರೆ ಹಿಡಿಯುವುದು ಬಿಡಿ, ಎಲ್ಲಿ ಹೋಯಿತೆಂದೂ ಗೊತ್ತಾಗುವುದಿಲ್ಲ. ಚಿಲಕ ಎರಡು ಹಾಕಿ, ಮೇಲೊಂದು ಕೆಳಗೊಂದು. ಮಕ್ಕಳಿರುವ ಮನೆಯಾದರೆ ಬೀಗವೂ ಇರಲಿ.

ಮೆಶ್ ನೆಲ ಬೇಡ. ಗಾಯದ ಕಾಲಿಗೆ ತಂತಿ ಚುಚ್ಚುತ್ತದೆ. ಟೈಲ್ಸ್ ಕೂಡ ಬೇಡ, ಹಿಂಗಾಲು ಜಾರಿ ಎರಡು ಕಡೆಗೆ ಹರಡಿಕೊಳ್ಳುತ್ತದೆ. ಮರೀನ್ ಪ್ಲೈ ಹಾಕಿ, ಅದರ ಮೇಲೆ ಹಟ್ಟಿಗೆ ಹಾಕುವ ರಬ್ಬರ್ ಮ್ಯಾಟ್ ಕತ್ತರಿಸಿ ಹಾಸಿ. ನಿಮ್ಮ ಹಳೆ ಹಟ್ಟಿಯಲ್ಲಿ ಒಂದು ಬಿದ್ದಿದ್ದರೂ ಇದ್ದೀತು. ಚೆನ್ನಾಗಿ ತೊಳೆದು ಒಣಗಿಸಿ ಬಳಸಿ.

ತೋಟದಮನೆ_ಕಾರ್ಕಳ

ನಾಯಿ ಬಗ್ಗೆ ಎಲ್ಲರೂ ಹೇಳಿದರು. ತೋಟದ ಬದಿ ಇರುವವರಿಗೆ ನಾಯಿ ಒಂದೇ ಚಿಂತೆ ಅಲ್ಲ ಮಾರಾಯ್ರೆ.

ಹೆಬ್ಬಾವು ಬೆಕ್ಕನ್ನು ನುಂಗುತ್ತದೆ. ನಮ್ಮ ಕಡೆ ಕೋಳಿಗೂಡಿಗೆ ನುಗ್ಗುವುದು ಹೊಸತಲ್ಲ. ಕೂಡಿ ಹಾಕಿದ ಬೆಕ್ಕಿಗೆ ಓಡಲು ದಾರಿಯೂ ಇಲ್ಲ. ಬಾಗಿಲು ಮತ್ತು ಫ್ರೇಮಿನ ನಡುವೆ ಎರಡು ಬೆರಳು ಸಂದು ಬಿಟ್ಟರೂ ಸಣ್ಣ ಹಾವಿಗೆ ಅದು ಹೆಬ್ಬಾಗಿಲು. ನಾಗರಹಾವು, ಕನ್ನಡಿ ಹಾವು ಇಲಿ ಹುಡುಕಿಕೊಂಡು ಬರುತ್ತವೆ. ಇಲಿ ಬರುವುದು ಬೆಕ್ಕಿನ ಉಳಿದ ಊಟಕ್ಕೆ. ಹಾಗಾಗಿ ರಾತ್ರಿ ಊಟದ ತಟ್ಟೆ ಗೂಡಿನಲ್ಲಿ ಬಿಡಬೇಡಿ. ಇಲಿಯ ಉಚ್ಚೆಯಿಂದ ನಮಗೂ ಇಲಿಜ್ವರದ ಭಯ ಉಂಟು, ಮಳೆಗಾಲದಲ್ಲಿ ಜಾಸ್ತಿ.

ಅರ್ಧ ಇಂಚಿನ ಕಣ್ಣಲ್ಲಿ ಹಾವಿನ ಮರಿ ನುಗ್ಗಬಹುದು. ಕೆಳಗಿನ ಒಂದು ಅಡಿಗೆ ಸುತ್ತಲೂ ಕಾಲು ಇಂಚಿನ ಮೆಶ್ ಹೊರಗಿನಿಂದ ಹೆಚ್ಚುವರಿ ಹಾಕಿ. ಗೂಡಿನ ಸುತ್ತ ಮುರಕಲ್ಲಿನ ರಾಶಿ, ತೆಂಗಿನ ಸಿಪ್ಪೆ, ಕಟ್ಟಿಗೆ ಏನೂ ಇರಬಾರದು. ಹಳೆ ಹಟ್ಟಿ ಅಂದಿರಲ್ಲ, ಮೊದಲು ಅದರ ಒಳಗೆ ತುಂಬಿಸಿಟ್ಟ ಸಾಮಾನು ಖಾಲಿ ಮಾಡಿ. ಹಾವು ಕಂಡರೆ ಹೊಡೆಯಬೇಡಿ, ಹಾವು ಹಿಡಿಯುವವರನ್ನೋ ಅರಣ್ಯ ಇಲಾಖೆಯವರನ್ನೋ ಕರೆಯಿರಿ.

ಕಾಡಿನ ಅಂಚಿನ ಊರುಗಳಲ್ಲಿ ಚಿರತೆ ಜಗಲಿಯ ತನಕ ಬಂದು ನಾಯಿ ಎತ್ತಿಕೊಂಡು ಹೋಗುತ್ತದೆ. ಅಂಥ ಜಾಗದಲ್ಲಿ ಯಾವ ಮೆಶ್ಶೂ ಸಾಲದು. ರಾತ್ರಿ ಬಾಗಿಲು ಹಾಕುವ ಕೋಣೆಯೊಳಗೇ ಗೂಡು ಇರಬೇಕು. ಕಟಪಾಡಿಯಲ್ಲೂ ರಾತ್ರಿ ಹಟ್ಟಿಯೊಳಗೆ ತಳ್ಳಿಡುವುದೇ ಒಳ್ಳೇದು. ಕಾಲಿಗೆ ಚಕ್ರ ಹಾಕಿಸಿದರೆ ಒಬ್ಬರೇ ತಳ್ಳಬಹುದು, ಇಂಟರ್‌ಲಾಕ್ ಮೇಲೆ ಸಲೀಸು. ಲಾಕ್ ಇರುವ ಚಕ್ರ ತೆಗೆದುಕೊಳ್ಳಿ.

ತೋಟಕ್ಕೆ ಮದ್ದು ಬಿಡುವ ದಿನ ಗೂಡು ಹೊರಗೆ ಇರಬಾರದು. ಮೈಲುತುತ್ತು ಸುಣ್ಣದ ಹನಿ ಗಾಳಿಗೆ ದೂರ ಬರುತ್ತದೆ. ಬೆಕ್ಕಿನ ಮೈಮೇಲೆ ಬಿದ್ದರೆ ನೆಕ್ಕಿ ಹೊಟ್ಟೆಗೆ ಹೋಗುತ್ತದೆ. ಬಸವನಹುಳುವಿಗೆ ಹಾಕುವ ವಿಷದ ಗುಳಿಗೆ ಇನ್ನೂ ಅಪಾಯ.

ಕಟಪಾಡಿ_ಅಂಗಳ

ಚಕ್ರದ ಯೋಚನೆ ತುಂಬಾ ಒಳ್ಳೇದು. ನಮ್ಮ ತೋಟಕ್ಕೂ ಜೂನ್ ಮೊದಲ ವಾರ ಮದ್ದು ಬಿಡುವವರು ಬರುತ್ತಾರೆ. ಅದನ್ನು ನೆನಪಿಸಿದ್ದು ದೊಡ್ಡ ಉಪಕಾರ.

ಮಾಡಿಗೆ ಏನು ಹಾಕಲಿ? ಮನೆಯಲ್ಲಿ ಹಳೆ ಹಂಚು ಉಂಟು. ಜಿ.ಐ. ಶೀಟೂ ಎರಡು ಉಂಟು. ಒಬ್ಬರು ಮಲ್ಪೆಯಿಂದ ಹಳೆ ಮೀನು ಬಲೆ ತಂದು ಮೇಲೆ ಕಟ್ಟಿ ಅಂದರು.

ಮಲ್ಪೆ_ಬಂದರು

ಮೀನು ಬಲೆ ಬೇಡ. ನಾನು ಬಲೆ ಕೆಲಸದವನೇ, ಅದಕ್ಕೇ ಹೇಳುತ್ತಿರುವುದು. ಸಪೂರ ನೈಲಾನ್ ಬಲೆಯಲ್ಲಿ ಉಗುರು ಸಿಕ್ಕಿದರೆ ಬೆಕ್ಕು ಎಳೆದಷ್ಟೂ ಬಿಗಿಯುತ್ತದೆ. ಬಲೆ ಮಾಡುವುದೇ ಹಾಗೆ, ಸಿಕ್ಕಿದ್ದು ಬಿಡಿಸಿಕೊಳ್ಳಬಾರದು ಅಂತ. ಗಾಯದ ಕಾಲು ಅದರಲ್ಲಿ ಸುತ್ತಿಕೊಂಡರೆ ರಾತ್ರಿಯೊಳಗೆ ರಕ್ತ ನಿಂತು ಹೋದೀತು. ಉಪ್ಪು, ಮೀನಿನ ವಾಸನೆ ಬೇರೆ ಇರುತ್ತದೆ, ಊರಿನ ನಾಯಿಯೆಲ್ಲ ಬರುತ್ತವೆ.

ಕಬ್ಬಿಣದ_ಕೆಲಸ

ಹಂಚು ಒಂದೊಂದು ಎರಡು ಕಿಲೋಗಿಂತ ಜಾಸ್ತಿ ತೂಗುತ್ತದೆ. ಚಕ್ರದ ಗೂಡಿಗೆ ಅಷ್ಟು ಭಾರ ಬೇಡ. ಬರೀ ಜಿ.ಐ. ಶೀಟ್ ಆದರೆ ಬಿಸಿಲಲ್ಲಿ ಒಲೆ, ಮಳೆಯಲ್ಲಿ ಡೋಲು. ಆ ಸದ್ದಿಗೆ ಬೆಕ್ಕು ಕಂಗಾಲಾಗುತ್ತದೆ. ಮೊದಲು ಮೆಶ್ಶಿನದ್ದೇ ಒಂದು ಮಾಡು ಇರಲಿ, ಅದರ ಮೇಲೆ ಪ್ಲೈ ಅಥವಾ ಥರ್ಮೋಕೋಲ್, ಅದರ ಮೇಲೆ ಶೀಟ್. ಶೀಟ್ ನಾಲ್ಕೂ ಕಡೆ ಒಂದೊಂದು ಅಡಿ ಹೊರಗೆ ಚಾಚಿರಲಿ, ಹಿಂದಕ್ಕೆ ಇಳಿಜಾರು ಇರಲಿ. ಮೆಶ್ ಇಲ್ಲದೆ ಶೀಟ್ ಮಾತ್ರ ಇಟ್ಟರೆ ಗಾಳಿಗೆ ಎದ್ದು ಹೋಗುತ್ತದೆ.

ನಮ್ಮಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಜಾಸ್ತಿ ಮಳೆ. ಅದರಲ್ಲಿ ಹೆಚ್ಚಿನದ್ದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ, ಅದೂ ನೇರ ಕೆಳಗೆ ಬೀಳುವುದಿಲ್ಲ, ಕಡಲ ಕಡೆಯಿಂದ ಓರೆಯಾಗಿ ಹೊಡೆಯುತ್ತದೆ. ಗೂಡನ್ನು ಹಟ್ಟಿಯ ಪೂರ್ವ ಬದಿಗೆ ಇಡಿ. ಆಗ ಹಟ್ಟಿಯ ಗೋಡೆ ಪಡುವಣ ಗಾಳಿಯನ್ನು ತಡೆಯುತ್ತದೆ. ದಕ್ಷಿಣದ ಬದಿಗೆ ಪ್ಲೈ ಹೊಡೆಯಿರಿ. ಉತ್ತರಕ್ಕೆ ಫ್ಲೆಕ್ಸ್ ಸುರುಳಿ ಮಾಡಿ ಕಟ್ಟಿ, ಮಳೆ ಜೋರಾದರೆ ಇಳಿಸಿ. ಕೆಳಗೂ ಕಟ್ಟಲು ಹಗ್ಗ ಇರಲಿ, ಪಟಪಟ ಹೊಡೆದುಕೊಳ್ಳಬಾರದು. ಪೂರ್ವ ಮಾತ್ರ ತೆರೆದಿರಲಿ. ಬೆಳಗಿನ ಎಳೆ ಬಿಸಿಲು ಸಿಗುತ್ತದೆ, ಅಂಗಳವೂ ಕಾಣುತ್ತದೆ.

ಬಿಜೈ_ಫ್ಲ್ಯಾಟ್

ಡಾಕ್ಟ್ರು ಹೇಳಿದ ಮೇಲೆ ನನಗೂ ಅರ್ಥವಾಯಿತು. ಅಂಗಳ ಕಾಣುವ ಹಾಗಿದ್ದರೆ ಅದಕ್ಕೆ ಅಷ್ಟು ಬೇಜಾರಾಗಲಿಕ್ಕಿಲ್ಲ. ನಾವು ಫ್ಲ್ಯಾಟಿನಲ್ಲಿರುವವರು ಬಾಲ್ಕನಿಯಲ್ಲಿ ಪಾರಿವಾಳದ ಬಲೆ ಹಾಕಿದ್ದೇವೆ. ಇಂಥ ಸಂದರ್ಭಕ್ಕೆ ಅದು ಸಾಕಾ?

ಮಣಿಪಾಲ್_ಮಾರ್ಜಾಲ

ಅದನ್ನೇ ನಂಬಬೇಡಿ. ಬೆಕ್ಕು ಹಲ್ಲಲ್ಲಿ ಕಚ್ಚಿ ತುಂಡು ಮಾಡಬಹುದು. ಬಾಲ್ಕನಿಯಲ್ಲೂ ಇದೇ ಚಿಕ್ಕ ಗೂಡು ಇಟ್ಟು ಬಲೆಯನ್ನು ಎರಡನೇ ಕಾವಲು ಅಂದುಕೊಳ್ಳಿ. ಮಧ್ಯಾಹ್ನದ ಬಿಸಿಲು ಬೀಳುವ ಬಾಲ್ಕನಿಯಾದರೆ ಬೇಡವೇ ಬೇಡ. ಬೆಕ್ಕು ಬಾಯಿ ತೆರೆದು ಏದುಸಿರು ಬಿಟ್ಟರೆ ಅದು ಸೆಕೆಯ ತುರ್ತು ಲಕ್ಷಣ. ನಾಯಿ ಹಾಗೆ ಮಾಡುವುದು ಮಾಮೂಲು, ಬೆಕ್ಕು ಮಾಡುವುದು ಮಾಮೂಲಲ್ಲ. ತಣ್ಣಗಿನ ಜಾಗಕ್ಕೆ ತಂದು ಕೂಡಲೇ ಡಾಕ್ಟ್ರಿಗೆ ಹೇಳಿ.

ಪಶುವೈದ್ಯ_ಕುಂದಾಪುರ

ಗೂಡು ಹೊರಗೆ ಇರುವುದರಿಂದ ನನಗೆ ಅತಿ ಹೆಚ್ಚು ಚಿಂತೆ ನೊಣದ್ದು. ತೆರೆದ ಗಾಯದಲ್ಲಿ ನೊಣ ಮೊಟ್ಟೆಯಿಟ್ಟರೆ ಒಂದು ದಿನದೊಳಗೆ ಹುಳ. ಮಳೆಗಾಲದಲ್ಲಿ ನಮಗೆ ಬರುವ ಗಾಯದ ಕೇಸುಗಳಲ್ಲಿ ಇದು ತುಂಬಾ. ಮೆಶ್ಶಿನ ಹೊರಗೆ ಸುತ್ತಲೂ ಸೊಳ್ಳೆಪರದೆ ಕಟ್ಟಿ. ಬೆಕ್ಕು ಮೆಶ್ ದಾಟಿ ಅದನ್ನು ಹರಿಯಲಾರದು. ದಿನಾ ಬೆಳಿಗ್ಗೆ ಸಂಜೆ ಗಾಯ ನೋಡಿ, ಮೂಸಿ ನೋಡಿ. ವಾಸನೆ ಬಂದರೆ, ಗಾಯದ ಸುತ್ತ ಒದ್ದೆಯಾಗಿ ಸಣ್ಣ ತೂತು ಕಂಡರೆ ಕಾಯಬೇಡಿ. ದನದ ಗಾಯಕ್ಕೆ ಹೊಡೆಯುವ ಸ್ಪ್ರೇಯನ್ನು ಬೆಕ್ಕಿಗೆ ಕೇಳದೆ ಹೊಡೆಯಬೇಡಿ. ದನ ನೆಕ್ಕುವುದಕ್ಕೂ ಬೆಕ್ಕು ನೆಕ್ಕುವುದಕ್ಕೂ ವ್ಯತ್ಯಾಸ ಇದೆ. ನಾಯಿಯ ಉಣ್ಣಿಗೆ ಬೆನ್ನಿನ ಮೇಲೆ ಹಾಕುವ ಪರ್ಮೆಥ್ರಿನ್ ಮದ್ದೂ ಬೆಕ್ಕಿಗೆ ವಿಷ.

ತೊಳೆಯಲು ಫಿನೈಲ್ ಬೇಡ, ಡೆಟಾಲ್ ಬೇಡ. ಎರಡೂ ಬೆಕ್ಕಿಗೆ ಆಗದ ವಸ್ತುಗಳು, ಪಂಜಕ್ಕೆ ಹತ್ತಿ ನೆಕ್ಕಿದರೆ ಹೊಟ್ಟೆಗೆ ಹೋಗುತ್ತವೆ. ಮೊದಲು ಸೋಪು ನೀರಲ್ಲಿ ಉಚ್ಚೆ ಪೂರ್ತಿ ತೊಳೆಯಿರಿ. ಆಮೇಲೆ ಒಂದು ಪಾಲು ದ್ರವ ಬ್ಲೀಚಿಗೆ 32 ಪಾಲು ನೀರು ಬೆರೆಸಿ ಹಚ್ಚಿ, ಹತ್ತು ನಿಮಿಷ ಬಿಟ್ಟು, ಬರೀ ನೀರಲ್ಲಿ ತೊಳೆದು ಒಣಗಿಸಿ. ಉಚ್ಚೆಯ ಮೇಲೇ ಬ್ಲೀಚ್ ಸುರಿದರೆ ಕೆಟ್ಟ ಗಾಳಿ ಏಳುತ್ತದೆ, ನಿಮ್ಮ ಅಮ್ಮನ ಉಬ್ಬಸಕ್ಕೂ ಅದು ಒಳ್ಳೆಯದಲ್ಲ. ತೊಳೆಯುವಾಗ ಬೆಕ್ಕು ಬೇರೆ ಬುಟ್ಟಿಯಲ್ಲಿ ಇರಬೇಕು.

ಒಂದು ಅನುಮಾನ. ಗಾಡಿಗೇ ಸಿಕ್ಕಿದ್ದು ಅಂತ ಕಣ್ಣಾರೆ ನೋಡಿದವರು ಇದ್ದಾರಾ? ನಾಯಿ ಕಚ್ಚಿದ ತೂತಿನ ಗಾಯ ಏನಾದರೂ ಇದ್ದರೆ ಬೆಕ್ಕಿಗೆ ರೇಬಿಸ್ ಲಸಿಕೆ ಬಗ್ಗೆ ನಿಮ್ಮ ಡಾಕ್ಟ್ರ ಹತ್ತಿರ ಮಾತಾಡಿ. ನಿಮಗೆ ಕಚ್ಚಿದರೆ, ಪರಚಿ ರಕ್ತ ಬಂದರೆ, ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಿರಿ, ಅದೇ ದಿನ ಆಸ್ಪತ್ರೆಗೆ ಹೋಗಿ. ಉಡುಪಿಯಲ್ಲಿ ಅಜ್ಜರಕಾಡಿನ ಜಿಲ್ಲಾಸ್ಪತ್ರೆ, ಮಂಗಳೂರಿನಲ್ಲಿ ವೆನ್ಲಾಕ್ ಇದೆ. ನೋವಿನಲ್ಲಿರುವ ಬೆಕ್ಕು ಎಷ್ಟು ಸಾಧುವಾದರೂ ಕಚ್ಚುತ್ತದೆ. ದಪ್ಪ ಟವೆಲ್ ಸುತ್ತಿ ಎತ್ತಿ, ಒಂದು ಕೈ ಎದೆಯ ಕೆಳಗೆ, ಒಂದು ಕೈ ಹಿಂಭಾಗದ ಕೆಳಗೆ. ಸೊಂಟ ನೇತಾಡಬಾರದು.

ಕಟಪಾಡಿ_ಅಂಗಳ

ಪಕ್ಕದ ಅಂಗಡಿಯವರು ಕಣ್ಣಾರೆ ನೋಡಿದ್ದಾರೆ ಡಾಕ್ಟ್ರೇ, ಕಾರು ತಾಗಿದ್ದು. ಆದರೂ ಲಸಿಕೆ ಬಗ್ಗೆ ಕೇಳುತ್ತೇನೆ.

ಕಕ್ಕಸಿಗೆ ಏನು ಹಾಕಲಿ? ಮರದ ಹುಡಿ ಉಂಟು, ಹೊಯ್ಗೆಯೂ ಉಂಟು.

ಮಣಿಪಾಲ್_ಮಾರ್ಜಾಲ

ಎರಡೂ ಗಾಯಕ್ಕೆ ಅಂಟುತ್ತವೆ. ಗಾಯ ಒಣಗುವ ತನಕ ಹಳೆ ಪೇಪರನ್ನು ಪಟ್ಟಿ ಪಟ್ಟಿ ಹರಿದು ಹಾಕಿ. ಅಂಗಡಿಯ ಟ್ರೇಯ ಅಂಚು ಎತ್ತರ, ಸೊಂಟ ಮುರಿದ ಬೆಕ್ಕು ಅದನ್ನು ದಾಟಲಾರದು. ನಿಮ್ಮಲ್ಲಿ ಅಡಿಕೆ ತೋಟ ಇದೆಯಲ್ಲ, ಅಗಲದ ಅಡಿಕೆ ಹಾಳೆ ಆರಿಸಿ ತಂದು ಎರಡು ತುದಿ ಸ್ವಲ್ಪ ಮಡಚಿ ಇಡಿ. ಅಂಚು ತಗ್ಗು, ಬೆಕ್ಕು ಸಲೀಸಾಗಿ ಹತ್ತುತ್ತದೆ, ದಿನಾ ಒಂದು ಬಿಸಾಡಿದರೆ ತೊಳೆಯುವ ಕೆಲಸವೂ ಇಲ್ಲ. ಮಳೆಗಾಲಕ್ಕೆ ಮೊದಲೇ ಒಂದು ಕಟ್ಟು ಒಳಗೆ ತಂದು ಒಣಗಿಸಿಟ್ಟುಕೊಳ್ಳಿ, ಬೂಸ್ಟು ಹಿಡಿದದ್ದು ಬೇಡ.

ಊಟ ಕಮ್ಮಿ ಅಂದಿರಿ. ಏನು ಹಾಕುತ್ತಿದ್ದೀರಿ?

ಕಟಪಾಡಿ_ಅಂಗಳ

ಬೂತಾಯಿ, ಅನ್ನ, ಸ್ವಲ್ಪ ಹಾಲು.

ಪಶುವೈದ್ಯ_ಕುಂದಾಪುರ

ಹಾಲು ನಿಲ್ಲಿಸಿ. ದೊಡ್ಡ ಬೆಕ್ಕುಗಳಿಗೆ ಹೆಚ್ಚಾಗಿ ಹಾಲು ಜೀರ್ಣವಾಗುವುದಿಲ್ಲ. ಭೇದಿಯಾದರೆ ಅದಕ್ಕೆ ತನ್ನ ಹಿಂಭಾಗ ನೆಕ್ಕಿ ಶುಚಿ ಮಾಡಿಕೊಳ್ಳಲು ಈಗ ಬಗ್ಗಲಾಗುವುದಿಲ್ಲ, ನೊಣಕ್ಕೆ ಅದೇ ಕರೆಯೋಲೆ. ಬೂತಾಯಿಯಂಥ ಎಣ್ಣೆ ಮೀನನ್ನೇ ವಾರಗಟ್ಟಲೆ ಕೊಟ್ಟರೆ ವಿಟಮಿನ್ ಇ ಕೊರತೆಯಾಗಿ ಚರ್ಮದ ಕೆಳಗಿನ ಕೊಬ್ಬು ಉರಿಯೂತಕ್ಕೆ ತಿರುಗುತ್ತದೆ. ಹಸಿ ಮೀನಂತೂ ಬೇಡ. ಉಪ್ಪು ಖಾರ ಇಲ್ಲದೆ ಬೇಯಿಸಿ ಎಲುಬು ಬಿಡಿಸಿದ ಕೋಳಿ ಮಾಂಸ, ಮೊಟ್ಟೆ, ಜೊತೆಗೆ ಬೆಕ್ಕಿನ ರೆಡಿಮೇಡ್ ಆಹಾರ. ಕೋಳಿ ಬೇಯಿಸಿದ ನೀರನ್ನೂ ಸೇರಿಸಿ ತೆಳ್ಳಗೆ ಮಾಡಿ, ಮಲ ಗಟ್ಟಿಯಾಗುವುದಿಲ್ಲ. ಬೆಚ್ಚಗೆ ಮಾಡಿ ಇಟ್ಟರೆ ವಾಸನೆಗೆ ತಿನ್ನುತ್ತದೆ. ಎರಡು ಮೂರು ದಿನ ಏನೂ ತಿನ್ನದ ಬೆಕ್ಕಿನ ಲಿವರ್‌ನಲ್ಲಿ ಕೊಬ್ಬು ತುಂಬಿಕೊಳ್ಳುತ್ತದೆ, ದಪ್ಪ ಬೆಕ್ಕಾದರೆ ಇನ್ನೂ ಬೇಗ. ಊಟ ಬಿಟ್ಟರೆ ಸುಮ್ನೆ ಕಾಯಬೇಡಿ.

ಮಲ್ಪೆ_ಬಂದರು

ಹೇಗೂ ಜೂನ್ 1ರಿಂದ ಜುಲೈ 31ರ ತನಕ ಟ್ರಾಲಿಂಗ್ ನಿಷೇಧ. ಆಗ ಬೆಕ್ಕಿಗೆ ಹಾಕುವಷ್ಟು ಮೀನು ಸಿಗುವುದೂ ಕಷ್ಟ. ಕೋಳಿ ಅಭ್ಯಾಸ ಮಾಡಿಸುವುದೇ ಒಳ್ಳೇದು.

ತೋಟದಮನೆ_ಕಾರ್ಕಳ

ಇರುವೆ ಬಗ್ಗೆ ಯಾರೂ ಹೇಳಲಿಲ್ಲ. ಊಟದ ತಟ್ಟೆಯನ್ನು ಅಗಲದ ಇನ್ನೊಂದು ತಟ್ಟೆಯಲ್ಲಿ ನೀರು ಹಾಕಿ ಅದರ ನಡುವೆ ಇಡಿ. ಚಕ್ರ ಇಲ್ಲದ ಗೂಡಾದರೆ ನಾಲ್ಕು ಕಾಲನ್ನೂ ನೀರಿನ ಬಟ್ಟಲಲ್ಲಿ ಇಡಬಹುದು. ಆ ನೀರಿಗೆ ಸೋಪು ಹಾಕಿ, ಇಲ್ಲದಿದ್ದರೆ ಸೊಳ್ಳೆ ಮರಿ ಮಾಡುತ್ತದೆ. ಡೆಂಗಿ ಕಾಲ. ಗೂಡಿನ ಹತ್ತಿರ ಕಣಗಿಲೆ ಗಿಡ ಇದ್ದರೆ ಅದರ ಎಲೆ ಹೂವು ಒಳಗೆ ಬೀಳದ ಹಾಗೆ ನೋಡಿ, ಪೂರ್ತಿ ವಿಷ.

ಕಟಪಾಡಿ_ಅಂಗಳ

ಗೂಡು ಆಯಿತು. ಇಲ್ಲೇ ಹತ್ತಿರದ ವೆಲ್ಡರ್ ಅಣ್ಣ ಮಾಡಿಕೊಟ್ಟರು, ಅಳತೆ ನೀವು ಹೇಳಿದ್ದೇ. ಹಗಲು ಹಟ್ಟಿಯ ಪೂರ್ವಕ್ಕೆ, ರಾತ್ರಿ ಹಟ್ಟಿಯೊಳಗೆ. ಮೊದಲ ರಾತ್ರಿ ಪೆಟ್ಟಿಗೆಯಿಂದ ಹೊರಗೇ ಬರಲಿಲ್ಲ. ಈಗ ಬೆಳಿಗ್ಗೆ ನಾನು ಬರುವ ಸದ್ದಿಗೆ ಕೂಗುತ್ತದೆ. ಕೋಳಿ ತಿನ್ನುತ್ತಿದೆ. ನಿನ್ನೆ ಜೋರು ಮಳೆ ಬಂದಾಗ ಹೋಗಿ ನೋಡಿದೆ, ಒಳಗೆ ಒಂದು ಹನಿ ಇಲ್ಲ. ಪೂರ್ವದ ಬದಿಯಲ್ಲಿ ಕೂತು ಮಳೆ ನೋಡುತ್ತಿತ್ತು.

ಮುಂದಿನದ್ದು ಈಗಲೇ ಕೇಳಿಬಿಡುತ್ತೇನೆ. ಆರು ವಾರ ಆದ ಮೇಲೆ ಸೀದಾ ಬಿಡಬಹುದಾ?

ಪಶುವೈದ್ಯ_ಕುಂದಾಪುರ

ಮತ್ತೆ ಎಕ್ಸ್‌ರೇ ತೆಗೆದು, ಎಲುಬು ಕೂಡಿದೆ ಅಂತ ಡಾಕ್ಟ್ರು ಹೇಳಿದ ಮೇಲೆ. ಕ್ಯಾಲೆಂಡರ್ ನೋಡಿ ಬಿಡಬೇಡಿ. ಅದಕ್ಕೆ ಬೀಜ ತೆಗೆಸುವುದನ್ನೂ ಕೇಳಿ. ಬೀಜ ತೆಗೆಸಿದ ಗಂಡು ಬೆಕ್ಕು ಹೆಣ್ಣು ಹುಡುಕಿಕೊಂಡು ದೂರ ಅಲೆಯುವುದು ಕಮ್ಮಿ. ಹೆದ್ದಾರಿ ಪಕ್ಕದ ಮನೆಗೆ ಅದೇ ದೊಡ್ಡ ರಕ್ಷಣೆ.

ಮಣಿಪಾಲ್_ಮಾರ್ಜಾಲ

ಸೀದಾ ಬೇಡ. ಆರು ವಾರ ಮಲಗಿದ್ದ ಕಾಲಿನಲ್ಲಿ ಶಕ್ತಿ ಇರುವುದಿಲ್ಲ. ನಾಯಿ ಅಟ್ಟಿಸಿಕೊಂಡು ಬಂದರೆ ಮರ ಹತ್ತಲಾಗುವುದಿಲ್ಲ. ಹಟ್ಟಿಯ ಕಿಟಕಿಗಳಿಗೆ ಉಳಿದ ಮೆಶ್ ಹೊಡೆದು, ಬಾಗಿಲು ಹಾಕಿ, ಗೂಡಿನ ಬಾಗಿಲು ಒಳಗೆ ತೆರೆದಿಡಿ. ಮೊದಲು ಒಂದಡಿ ಎತ್ತರದ ಒಂದು ಮಣೆ, ಆಮೇಲೆ ಎರಡಡಿ. ತಾನಾಗಿ ಹಾರಿ ಇಳಿಯುತ್ತಿದೆ, ಕುಂಟುತ್ತಿಲ್ಲ ಅಂತ ಖಾತ್ರಿಯಾದ ಮೇಲೆ ಹೊರಗೆ. ಬಿಡುವ ದಿನ ಬೆಳಿಗ್ಗೆ ಊಟ ಕೊಡದೆ ಬಿಡಿ, ಸ್ವಲ್ಪ ಹೊತ್ತಿನಲ್ಲಿ ತಟ್ಟೆ ಬಡಿದು ಕರೆಯಿರಿ. ಹಸಿವಿಗೆ ವಾಪಸ್ ಬರುತ್ತದೆ. ಒಂದು ವಾರ ಹೀಗೆ ಮಾಡಿದರೆ ರಾತ್ರಿ ಹಟ್ಟಿಗೆ ಬಂದು ಮಲಗುವ ಅಭ್ಯಾಸವಾಗುತ್ತದೆ.

ಪಡುಬಿದ್ರಿ_ಪೇಟೆ

ಇದನ್ನೆಲ್ಲ ಓದುತ್ತಾ ಬಂದೆ. ನಮ್ಮ ಅಂಗಡಿ ಹಿಂದೆ ಮುಂಗಾಲು ಮುರಿದ ಒಂದು ಮರಿ ಉಂಟು, ಈಗ ಬಟ್ಟೆ ಬುಟ್ಟಿಯಲ್ಲಿ ಇಟ್ಟಿದ್ದೇನೆ. ನಿಮ್ಮದು ಗುಣವಾಗಿ ಹೊರಗೆ ಬಂದ ಮೇಲೆ ಗೂಡು ಸ್ವಲ್ಪ ದಿನಕ್ಕೆ ಕೊಡಬಹುದಾ? ಅಲ್ಲಿಯ ತನಕ ಹೇಗೋ ಸುಧಾರಿಸುತ್ತೇನೆ.

ಕಬ್ಬಿಣದ_ಕೆಲಸ

ಅಷ್ಟು ದಿನ ಕಾಯಬೇಡಿ. ನನ್ನ ಹತ್ತಿರ ಮೆಶ್ ತುಂಡು ಮಿಕ್ಕಿದ್ದು ಉಂಟು, ಮರಿಗೆ ಮೂರಡಿಯದ್ದು ಸಾಕು. ಭಾನುವಾರ ಬನ್ನಿ, ಮಾಡಿ ಕೊಡುತ್ತೇನೆ. ಮ್ಯಾಟ್ ಮತ್ತು ಎರಡು ಚಿಲಕ ಮಾತ್ರ ತನ್ನಿ. ಮರಿಯನ್ನು ಮೊದಲು ಡಾಕ್ಟ್ರಿಗೆ ತೋರಿಸಿ ಬನ್ನಿ.